ಹೆಸರು ನೋಡಿ ಕೊಂಡರೆ ಆಟ ಓಡೀತೇ?

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ತೆಂಗು ಬೆಳೆಗಾರನಿಗೆ ಕಾಯಿಯ ಒಳಗು ಹೇಗಿದೆಯೆಂದು ಒಡೆಯದೆಯೇ ತಿಳಿಯುವ ವಿದ್ಯೆ ಗೊತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾನೆ. ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಸದ್ದು ಮಾಡಿದರೆ ಕೊಬ್ಬರಿ ಆಗಿದೆ ಎಂದರ್ಥ. ಹೊರಗಿನ ಸಿಪ್ಪೆಯ ಅಂದಚೆಂದಕ್ಕೆ ಅವನು ಮರುಳಾಗುವುದಿಲ್ಲ.

ಇಂಥ ಬೆಳೆಗಾರನ ಮಗ ಪಿಯುಸಿ ಮುಗಿಸಿ, "ಅಪ್ಪಾ, ಓದಿಗೂ ಆಗುತ್ತೆ, ಆಟಕ್ಕೂ ಆಗುತ್ತೆ, ಒಂದು ಗೇಮಿಂಗ್ ಕಂಪ್ಯೂಟರ್ ಕೊಡಿಸು" ಎಂದು ಕೇಳಿದನೆನ್ನಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲಿ 60,000 ರೂಪಾಯಿಯ ಯಂತ್ರವೆಂದರೆ ಸುಮಾರು ಐದು ಕ್ವಿಂಟಲ್ ಕೊಬ್ಬರಿ. ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಅಪ್ಪ-ಮಗನ ಜೇಬಿನಲ್ಲಿರುವುದು ಒಂದು ವರ್ಷದ ಕಾಯಿ. ಅಲ್ಲಿ ಕುಲುಕಿ ನೋಡುವುದು ಹೇಗೆ?

ಮೊದಲ ಬಲೆ ಹೆಸರಿನದು. ಇಂಟೆಲ್ ಕಂಪನಿಯ ಸಂಸ್ಕಾರಕಗಳಿಗೆ, ಅಂದರೆ ಪ್ರೊಸೆಸರ್‌ಗಳಿಗೆ, ಐ3, ಐ5, ಐ7 ಎಂಬ ಹೆಸರುಗಳು ಬಹುಕಾಲ ಬಳಕೆಯಲ್ಲಿದ್ದವು. ಏಳು ಮೂರಕ್ಕಿಂತ ದೊಡ್ಡದು ತಾನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಳೆಯ ಯಂತ್ರಕ್ಕೆ ಹೊಸ ಪೆಟ್ಟಿಗೆ ತೊಡಿಸಿ, ಬಣ್ಣದ ದೀಪ ಹಚ್ಚಿ, "ಐ7 ಗೇಮಿಂಗ್ ಪಿಸಿ" ಎಂದು ಮಾರುವವರಿಗೆ ಇಷ್ಟು ಸಾಕು. 2011ರಲ್ಲಿ ಬಂದ ಐ7-2600 ಮತ್ತು 2022ರಲ್ಲಿ ಬಂದ ಐ3-12100, ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ನಾಲ್ಕೇ ಕೋರ್. ಮೂಲ ವೇಗ ಹಳೆಯದರದ್ದು 3.4 ಗಿಗಾಹರ್ಟ್ಸ್, ಹೊಸದರದ್ದು 3.3. ಕಾಗದದ ಮೇಲೆ ಹಳೆಯದೇ ಗೆದ್ದಿತು. ಓಡಿಸಿ ನೋಡಿದರೆ ಮಾತ್ರ ಒಂದೊಂದು ಕೋರೂ ಮಾಡುವ ಕೆಲಸದಲ್ಲಿ ಹೊಸ ಐ3 ಹೆಚ್ಚು ಕಡಿಮೆ ಇಮ್ಮಡಿ ಮುಂದಿರುತ್ತದೆ.

ಇದು ಹೇಗೆ ಸಾಧ್ಯ? ಗಿಗಾಹರ್ಟ್ಸ್ ಎಂಬುದು ಸೆಕೆಂಡಿಗೆ ನೂರು ಕೋಟಿ ಮಿಡಿತಗಳ ಅಳತೆ, ಅಷ್ಟೆ. ಒಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯಿತು ಎಂಬುದನ್ನು ಅದು ಹೇಳುವುದಿಲ್ಲ. ಕಾಯಿ ಸುಲಿಯುವವನಿಗೆ ಕೂಲಿ ಕೊಡುವಾಗ ಅವನು ಎಷ್ಟು ಸಲ ಕೈ ಆಡಿಸಿದನೆಂದು ಯಾರೂ ಎಣಿಸುವುದಿಲ್ಲ. ಸಂಜೆಗೆ ಎಷ್ಟು ಕಾಯಿ ಸುಲಿದನೆಂದು ಎಣಿಸುತ್ತಾರೆ. ಈ ಪಾಠವನ್ನು ತಯಾರಕರೂ ಕಲಿತಿದ್ದಾರೆ. ಮಿಡಿತ ಹೆಚ್ಚಿಸುವುದನ್ನೇ ನೆಚ್ಚಿಕೊಂಡಿದ್ದ ಇಂಟೆಲ್, 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು 2004ರಲ್ಲಿ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2, ಮಿಡಿತದಲ್ಲಿ ಹಿಂದಿದ್ದರೂ ಕೆಲಸದಲ್ಲಿ ಪೆಂಟಿಯಂ 4ನ್ನು ಹಿಂದಿಕ್ಕಿತು.

ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್3ಡಿ ಇನ್ನೊಂದು ಉದಾಹರಣೆ. 2022ರಲ್ಲಿ ಬಂದ ಇದರ ಮಿಡಿತ ಅದರ ಅಣ್ಣ 5800ಎಕ್ಸ್‌ಗಿಂತ ಕಡಿಮೆ. ಆದರೆ ಕ್ಯಾಷ್ ಎಂಬ ಒಳ ನೆನಪಿನ ಮೂರನೆಯ ಹಂತ 32ರ ಬದಲು 96 ಮೆಗಾಬೈಟ್. ಅಡುಗೆ ಮಾಡುವವರು ಸಾಸಿವೆಗೂ ಕೊಬ್ಬರಿಗೂ ಪ್ರತಿ ಸಲ ಅಟ್ಟ ಹತ್ತಬೇಕಾದರೆ ಒಗ್ಗರಣೆ ಸೀದುಹೋಗುತ್ತದೆ. ಬೇಕಾದದ್ದು ಕೈಗೆಟುಕುವ ಡಬ್ಬಿಯಲ್ಲಿದ್ದರೆ ಕೆಲಸ ಸರಾಗ. ಆಟಗಳಲ್ಲಿ ಈ ಡಬ್ಬಿಯ ಗಾತ್ರಕ್ಕೆ ಬಹಳ ಬೆಲೆಯಿದೆ.

ಇಷ್ಟಾದರೂ ಆಟದ ಯಂತ್ರದಲ್ಲಿ ಸಂಸ್ಕಾರಕ ಬರೀ ಮೇಸ್ತ್ರಿ. ಮೈಮುರಿದು ದುಡಿಯುವುದು ಗ್ರಾಫಿಕ್ಸ್ ಕಾರ್ಡು. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ 12 ಕೋಟಿಗೂ ಮೀರಿ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಆ ಕೆಲಸಕ್ಕೆ ಬೇಕಾದ ಆಳುಗಳ ದಂಡು ಇರುವುದು ಈ ಕಾರ್ಡಿನಲ್ಲಿ. ದುಬಾರಿ ಮೇಸ್ತ್ರಿಯನ್ನು ಕರೆತಂದು ಆಳುಗಳಿಗೆ ಕಾಸಿಲ್ಲದಂತೆ ಮಾಡಿಕೊಂಡರೆ ಮನೆ ಏಳುವುದಿಲ್ಲ. ಇಂಟೆಲ್ ಸಂಸ್ಕಾರಕದ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲವೆಂದು ತಿಳಿಯಬೇಕು. ಬೇರೆ ಕಾರ್ಡು ಹಾಕದಿದ್ದರೆ ಪರದೆ ಕತ್ತಲೆ.

ಈಗ ಹಣದ ಲೆಕ್ಕ. 40,000 ರೂಪಾಯಿಯ ಯಂತ್ರ ಒಂದು ಆಟದಲ್ಲಿ ಸೆಕೆಂಡಿಗೆ 50 ಚಿತ್ರ ಕೊಡುತ್ತದೆ, 60,000ದ್ದು 90 ಕೊಡುತ್ತದೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಚಿತ್ರಕ್ಕೆ 800 ರೂಪಾಯಿ ಬಿತ್ತು, ಎರಡನೆಯದರಲ್ಲಿ ಸುಮಾರು 667. ಎರಡನೆಯದೇ ಲಾಭ ಎನ್ನುವ ಮೊದಲು ಪರದೆಯನ್ನು ನೋಡಬೇಕು. ಮನೆಯ ಪರದೆ 60 ಹರ್ಟ್ಸ್‌ನದಾದರೆ ಸೆಕೆಂಡಿಗೆ 60 ಸಲ ಮಾತ್ರ ಅದು ಹೊಸದಾಗುತ್ತದೆ. ಉಳಿದ 30 ಚಿತ್ರ ಕಣ್ಣಿಗೆ ಪೂರ್ತಿಯಾಗಿ ತಲುಪುವುದೇ ಇಲ್ಲ. ಆಗ ನೋಡಸಿಕ್ಕ ಚಿತ್ರವೊಂದಕ್ಕೆ 1,000 ರೂಪಾಯಿ ತೆತ್ತಂತಾಯಿತು.

ಸರಾಸರಿಯನ್ನೂ ಪೂರ್ತಿ ನಂಬಬಾರದು. ಆರು ವಿಷಯಗಳ ಸರಾಸರಿ 60 ಅಂಕ ಬಂದರೂ ಒಂದರಲ್ಲಿ 20 ಬಂದರೆ ಹುಡುಗ ಫೇಲ್. ಹಾಗೆಯೇ ಸರಾಸರಿ ಚೆನ್ನಾಗಿದ್ದ ಯಂತ್ರವೂ ನಡುನಡುವೆ ತಡವರಿಸಿದರೆ ಆಟ ಕೆಡುತ್ತದೆ. 60 ಚಿತ್ರದ ಲೆಕ್ಕದಲ್ಲಿ ಒಂದೊಂದಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡು. ಒಂದು ಚಿತ್ರ 100 ತೆಗೆದುಕೊಂಡರೆ ಕಣ್ಣಿಗೆ ಎಡವಿದಂತಾಗುತ್ತದೆ. ಆದ್ದರಿಂದ ಅತ್ಯಂತ ನಿಧಾನವಾದ ಶೇಕಡಾ 1ರಷ್ಟು ಚಿತ್ರಗಳ ವೇಗವನ್ನು ಬೇರೆಯಾಗಿಯೇ ಕೇಳಬೇಕು.

ಇನ್ನು ಊರಿನ ಮಾತು. ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದಾಗ ದೀಪ ಮಂಕಾಗುವುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಅಂಥಲ್ಲಿ ಒಳ್ಳೆಯ ಪವರ್ ಸಪ್ಲೈ, ಯುಪಿಎಸ್, ಸರಿಯಾದ ಅರ್ಥಿಂಗ್ ಇವುಗಳ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಿ ನೋಡಬೇಕು. 350 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 42 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗುತ್ತದೆ. ಹೊಸ ಯಂತ್ರ ಆ ಗೆರೆ ದಾಟಿಸಿದರೆ ಬಿಲ್ ಬರುತ್ತದೆ.

ಹಳೆಯ ಐ7ಕ್ಕೆ ಇನ್ನೂ ಒಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಪ್ಪಿತವಾದ ಇಂಟೆಲ್ ಸಂಸ್ಕಾರಕಗಳ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ಐ7-2600 ಎರಡನೆಯ ತಲೆಮಾರಿನದು. ಅಗ್ಗವಾಗಿ ಕಂಡದ್ದು ಮನೆಗೆ ಬರುವಾಗಲೇ ಮುದಿಯಾಗಿರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಕುಲುಕುವುದು ಹೇಗೆ? ಹುಡುಗ ಆಡುವ ಆಟವನ್ನೇ ಆ ಯಂತ್ರದಲ್ಲಿ ಅರ್ಧ ಗಂಟೆ ಓಡಿಸಲು ಹೇಳಬೇಕು. ಚಿತ್ರಗಳ ವೇಗವನ್ನೂ ಒಳಗಿನ ಶಾಖವನ್ನೂ ಪರದೆಯ ಮೂಲೆಯಲ್ಲಿ ತೋರಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಮೊದಲ ಐದು ನಿಮಿಷ ಓಡಿ ಆಮೇಲೆ ಬಿಸಿಯಾಗಿ ಏದುಸಿರು ಬಿಡುವ ಯಂತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಸಂಸ್ಕಾರಕದ ಪೂರ್ತಿ ಹೆಸರು, ಕಾರ್ಡಿನ ಹೆಸರು, ಪ್ರತಿ ಭಾಗದ ವಾರಂಟಿ, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. "ಐ7, 16 ಜಿಬಿ, ಗೇಮಿಂಗ್" ಎಂದಷ್ಟೇ ಬರೆದುಕೊಡುವವನ ಬಳಿ ಐದು ಕ್ವಿಂಟಲ್ ಕೊಬ್ಬರಿಯ ಹಣ ಬಿಚ್ಚುವುದು ಬೇಡ. ತಿಪಟೂರಿನ ಮಾರುಕಟ್ಟೆಯಲ್ಲಿ ಇದೇ ಅಪ್ಪನ ಕೊಬ್ಬರಿಯನ್ನು ಯಾರೂ ಚೀಲದ ಮೇಲಿನ ಹೆಸರು ಓದಿ ಕೊಂಡಿರಲಿಲ್ಲ.