ಅರಿವಳಿಕೆಯ ಬಿಲ್ಲಿಗೆ ನಿಮಿಷ ಬರೆಯಿರಿ

ದೇವರಮನೆಯಲ್ಲಿ ಮಂಜು ಇಳಿದರೆ ಎದುರಿಗಿರುವ ಕಾಲಭೈರವೇಶ್ವರನ ಗುಡಿಯೇ ಕಾಣುವುದಿಲ್ಲ, ಇನ್ನು ಫೋನಿಗೆ ಸಿಗ್ನಲ್ ಎಲ್ಲಿ? ಕಳೆದ ತಿಂಗಳು ಅಂಥ ಒಂದು ಸಂಜೆ ನಮ್ಮ ಬಳಗದವನೊಬ್ಬ ರಸ್ತೆ ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಹಿಡಿದು ನಿಂತಿದ್ದಾಗ, ಘಟ್ಟದ ಕೆಳಗಿನ ಆಸ್ಪತ್ರೆಯೊಂದರಿಂದ ಅವನ ಚಿಕ್ಕಮ್ಮನ ಫೋನ್ ಬಂತು.

"ನಾಳೆ ಬೆಳಿಗ್ಗೆ ಆಪರೇಷನ್ ಮಾಡ್ತಾರಂತೆ ಮಗಾ. ಮತ್ತು ಕೊಡೋ ಡಾಕ್ಟ್ರಿಗೆ ಬೇರೆ ಏಳೂವರೆ ಸಾವಿರ ಕೊಡ್ಬೇಕಂತೆ, ಕ್ಯಾಶೇ ಬೇಕಂತೆ. ಕಾರ್ಡಲ್ಲಿ ಅದು ಬರಲ್ವಂತೆ."

ಚಿಕ್ಕಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಪಿತ್ತಕೋಶದಲ್ಲಿ ಕಲ್ಲು. ಬಿಪಿಎಲ್ ಕಾರ್ಡು ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇದೆ, ಆಸ್ಪತ್ರೆಯೂ ಯೋಜನೆಯ ಪಟ್ಟಿಯಲ್ಲಿದೆ. ಆದರೂ ರಾತ್ರಿಯೇ ತೋಟದ ರೈಟರಿಗೆ ಫೋನ್ ಮಾಡಿ ಅಡ್ವಾನ್ಸ್ ಕೇಳಬೇಕಾಯಿತು. ದುಡ್ಡು ಕೊಟ್ಟು ರಶೀದಿ ಕೇಳಿದರೆ, "ಇದಕ್ಕೆಲ್ಲ ರಶೀದಿ ಇರಲ್ಲಮ್ಮ" ಅಂದರಂತೆ.

"ಕಾರ್ಡಲ್ಲಿ ಅದು ಬರಲ್ಲ" ಎನ್ನುವುದು ಸುಳ್ಳು. ಇದನ್ನು ನಾವು ಮೆತ್ತಗೆ ಹೇಳುವುದಿಲ್ಲ. 2018ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಆಪರೇಷನ್ನಿಗೆ ಒಂದು ಪ್ಯಾಕೇಜ್ ದರ. ಆ ದರದೊಳಗೆ ಹಾಸಿಗೆ, ನರ್ಸಿಂಗ್, ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಅರಿವಳಿಕೆಯ ಔಷಧ, ಆಮ್ಲಜನಕ, ಆಪರೇಷನ್ ಥಿಯೇಟರ್ ಬಾಡಿಗೆ, ಕೊನೆಗೆ ರೋಗಿಯ ಊಟ ಕೂಡ ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅಂದರೆ ಮತ್ತು ಕೊಡುವ ಡಾಕ್ಟರಿಗೆ ಸರ್ಕಾರ ಪ್ಯಾಕೇಜಿನಲ್ಲೇ ಕೊಡುತ್ತದೆ. ಅದೇ ಕೆಲಸಕ್ಕೆ ಚಿಕ್ಕಮ್ಮನೂ ಕೊಟ್ಟರು. ಒಂದು ಸೂಜಿಗೆ ಎರಡು ಸಲ ಕೂಲಿ.

ಎಪಿಎಲ್ ಕಾರ್ಡಿನವರ ಲೆಕ್ಕ ಬೇರೆ. ನಮ್ಮ ಕಡೆ ಎರಡು ಎಕರೆ ಕಾಫಿ ಇರುವ ಎಷ್ಟೋ ಮನೆಗಳಲ್ಲಿ ಇರುವುದು ಇದೇ ಕಾರ್ಡು. ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಉಳಿದದ್ದು ಕೈಯಿಂದ. ಹಾಗಾಗಿ ಅವರ ಹತ್ತಿರ ದುಡ್ಡು ಕೇಳಿದ್ದೇ ತಪ್ಪು ಎಂದು ನಾವು ಹೇಳುವುದಿಲ್ಲ. ರಶೀದಿ ಇಲ್ಲದೆ ಕೇಳಿದ್ದು ತಪ್ಪು.

ಈ ಮಾತಿಗೆ ಆಸ್ಪತ್ರೆಯವರ ಉತ್ತರ ನಮಗೆ ಗೊತ್ತು. ಪ್ಯಾಕೇಜ್ ದರ ಸಾಲದು, ಸರ್ಕಾರದ ದುಡ್ಡು ತಡವಾಗಿ ಬರುತ್ತದೆ, ಸಣ್ಣ ಊರಲ್ಲಿ ಅರಿವಳಿಕೆ ವೈದ್ಯರೇ ಸಿಗುವುದಿಲ್ಲ, ಸಿಗುವವರು ಬ್ಯಾಗ್ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುವವರು, ಅವರಿಗೆ ಅವತ್ತಿನದು ಅವತ್ತೇ ಬೇಕು. ಇದರಲ್ಲಿ ನಿಜವೂ ಇದೆ. ಅರಿವಳಿಕೆ ವೈದ್ಯರ ಕೆಲಸ ಸುಲಭದ್ದಲ್ಲ ಎಂದೂ ಗೊತ್ತು. ಸರ್ಜನ್ ಹೊಟ್ಟೆ ನೋಡುತ್ತಿರುವಾಗ ಉಸಿರು, ನಾಡಿ, ರಕ್ತದೊತ್ತಡ ನೋಡುತ್ತ ತಲೆಯ ಹತ್ತಿರ ನಿಲ್ಲುವವರು ಅವರು. ಅವರಿಗೆ ಒಳ್ಳೆಯ ಸಂಬಳ ಸಿಗಲಿ. ಆದರೆ ದರ ಸಾಲದಿದ್ದರೆ ಜಗಳ ಆಡಬೇಕಾದದ್ದು ಬೆಂಗಳೂರಿನಲ್ಲಿ, ಸರ್ಕಾರದ ಜೊತೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದುಪಡಿ ಬಂದಾಗ ರಾಜ್ಯದ ಖಾಸಗಿ ವೈದ್ಯರೆಲ್ಲ ಒಟ್ಟಾಗಿ ಬಾಗಿಲು ಹಾಕಿ ಸರ್ಕಾರವನ್ನೇ ಮಾತುಕತೆಗೆ ಎಳೆದರಲ್ಲ, ಆ ಶಕ್ತಿ ಅವರಿಗಿದೆ. ಹಿಂದಿನ ರಾತ್ರಿಯಿಂದ ಉಪವಾಸ ಇದ್ದು, ಹಸಿರು ಗೌನು ಹಾಕಿಕೊಂಡು ಥಿಯೇಟರ್ ಬಾಗಿಲಲ್ಲಿ ಮಲಗಿರುವ ಹೆಂಗಸಿಗೆ ಯಾವ ಶಕ್ತಿ ಇದೆ?

ಕಾರ್ಡಿಲ್ಲದೆ ಪೂರ್ತಿ ದುಡ್ಡು ಕೊಟ್ಟವರ ಬಿಲ್ಲನ್ನೂ ನೋಡಿದ್ದೇವೆ. ಔಷಧ ಅಂಗಡಿಯ ಚೀಟಿಯಲ್ಲಿ ಹತ್ತಿಯ ಉಂಡೆಗೂ ಒಂದು ಸಾಲು ಇರುತ್ತದೆ. ಅರಿವಳಿಕೆ ಮಾತ್ರ ಒಂದೇ ಸಾಲು, ಅದರ ಮುಂದೆ ಒಂದು ದುಂಡು ಮೊತ್ತ. ಯಾರು ಕೊಟ್ಟರು, ಬೆನ್ನಿಗೋ ಪೂರ್ತಿಯೋ, ಎಷ್ಟು ಹೊತ್ತು, ಏನೂ ಇಲ್ಲ. ಆ ಮೊತ್ತ ಎಲ್ಲಿಂದ ಬಂತು? ಎಷ್ಟೋ ಕಡೆ ಸರ್ಜನ್ ಫೀಸಿನ ಕಾಲುಭಾಗ ಅಥವಾ ಮೂರನೇ ಒಂದು ಭಾಗ ಎಂದು ಹಾಕಿಬಿಡುತ್ತಾರೆ. ಸರ್ಜನ್ ದೊಡ್ಡವರಾದರೆ ಮತ್ತೂ ದುಬಾರಿ! ಇನ್ನೊಂದು ವಿಚಿತ್ರ ಕೇಳಿ. ಜನರಲ್ ವಾರ್ಡಿನವರಿಗೆ ಒಂದು ದರ, ಸಿಂಗಲ್ ರೂಮಿನವರಿಗೆ ಹೆಚ್ಚು ದರ. ಅದೇ ವೈದ್ಯರು, ಅದೇ ಔಷಧ, ಅದೇ ಥಿಯೇಟರ್. ರೂಮಿನ ಟಿವಿಗೂ ಅರಿವಳಿಕೆಗೂ ಏನು ಸಂಬಂಧ? ಇನ್ಶೂರೆನ್ಸ್ ಮಾಡಿಸಿದವರಿಗೆ ಇದರಿಂದ ಇನ್ನೊಂದು ಪೆಟ್ಟು. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 3,000 ಎಂದಿದ್ದು ನೀವು 6,000ದ ರೂಮು ಹಿಡಿದರೆ, ಅನೇಕ ಪಾಲಿಸಿಗಳಲ್ಲಿ ರೂಮಿನ ಬಾಡಿಗೆ ಜೊತೆಗೆ ಸರ್ಜನ್, ಅರಿವಳಿಕೆ ಫೀಸಿನಲ್ಲೂ ಅರ್ಧ ಕತ್ತರಿಸುತ್ತಾರೆ.

ನಿಮಿಷದ ಲೆಕ್ಕ ಬಿಲ್ಲಿನಲ್ಲಿ ಹಾಕಲು ಆಗುವುದೇ ಇಲ್ಲವೇ? ನಮ್ಮ ಜೊತೆ ಓದಿದವರ ತಮ್ಮ ತಂಗಿಯರನ್ನು ಕೇಳಿ. ಮೂಡಿಗೆರೆ, ಕಳಸದ ಕಡೆಯಿಂದ ಬಿಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರಿದವರು ಇದ್ದಾರೆ. ಅವರು ಕೂತು ಬರೆಯುವುದು ಅಮೆರಿಕದ ರೋಗಿಗಳ ಬಿಲ್ಲು. ಅಲ್ಲಿ ಚಿಕ್ಕಮ್ಮನಿಗೆ ಆದಂಥ ಪಿತ್ತಕೋಶದ ಲ್ಯಾಪರೋಸ್ಕೋಪಿಗೆ ಅರಿವಳಿಕೆಯ ಕೋಡ್ 00790. ಕೆಲಸದ ಕಷ್ಟಕ್ಕೆ 7 ಯೂನಿಟ್. ಮೇಲೆ ಪ್ರತಿ 15 ನಿಮಿಷಕ್ಕೆ ಒಂದು ಯೂನಿಟ್. ಒಂದೂವರೆ ಗಂಟೆ ಆದರೆ 6. ಒಟ್ಟು 13, ಅದನ್ನು ಒಂದು ಯೂನಿಟ್ಟಿನ ದರದಿಂದ ಗುಣಿಸು, ಮುಗಿಯಿತು. ಶುರುವಾದ ಹೊತ್ತು, ಮುಗಿದ ಹೊತ್ತು ಇಲ್ಲದಿದ್ದರೆ ಬಿಲ್ಲು ವಾಪಸ್. ಮಲೆನಾಡಿನ ಹುಡುಗಿ ಎಲ್ಲೋ ಇರುವ ಅಮೆರಿಕದವನ ನಿದ್ದೆಯ ನಿಮಿಷ ಎಣಿಸುತ್ತಾಳೆ. ಅವಳ ಅಮ್ಮನ ಬಿಲ್ಲಿನಲ್ಲಿ ದುಂಡು ಮೊತ್ತ.

ಅಮೆರಿಕ ಸ್ವರ್ಗ ಎಂದು ನಾವು ಹೇಳುತ್ತಿಲ್ಲ ಮಾರಾಯ್ರೆ. ಆಸ್ಪತ್ರೆ ಇನ್ಶೂರೆನ್ಸಿನೊಳಗೆ, ಮತ್ತು ಕೊಟ್ಟ ವೈದ್ಯರು ಹೊರಗೆ ಎಂದು ತಿಂಗಳ ಮೇಲೆ ಮನೆಗೆ ಬಿಲ್ಲು ಕಳಿಸುವ ಚಾಳಿ ಅಲ್ಲಿತ್ತು. ಅದನ್ನು ತಡೆಯಲು ಕಾನೂನೇ ಬೇಕಾಯಿತು, ಅದು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. 2024ರ ನವೆಂಬರಿನಲ್ಲಿ ಆಂಥೆಮ್ ಎಂಬ ಇನ್ಶೂರೆನ್ಸ್ ಕಂಪನಿ, ಕೆಲವು ರಾಜ್ಯಗಳಲ್ಲಿ ಇಷ್ಟು ಹೊತ್ತಿಗಿಂತ ಹೆಚ್ಚಿನ ಅರಿವಳಿಕೆಗೆ ದುಡ್ಡು ಕೊಡುವುದಿಲ್ಲ ಎಂದು ಹೊರಟಿತ್ತು. ಜನ ಉಗಿದರು, ಡಿಸೆಂಬರ್ ಮೊದಲ ವಾರದಲ್ಲೇ ಹಿಂದಕ್ಕೆ ತೆಗೆದುಕೊಂಡಿತು. ನಿಮಿಷ ಬರೆದಿದ್ದರೆ ಜಗಳವನ್ನಾದರೂ ಆಡಬಹುದು. ಬರೆಯದಿದ್ದರೆ ಯಾವುದರ ಮೇಲೆ ಆಡುವುದು?

ನಮ್ಮ ಆಸ್ಪತ್ರೆಗಳಲ್ಲಿ ಆ ನಿಮಿಷ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಪ್ರತಿ ಆಪರೇಷನ್ನಿಗೂ ಅರಿವಳಿಕೆಯ ಚಾರ್ಟ್ ಎಂಬ ಹಾಳೆ ತುಂಬಬೇಕು. ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯಿತು, ಯಾವ ಔಷಧ ಎಷ್ಟು, ಹೊತ್ತು ಹೊತ್ತಿಗೆ ಬಿಪಿ ಎಷ್ಟು, ಯಾವ ವೈದ್ಯರು, ಎಲ್ಲ ಅದರಲ್ಲಿ ಇರುತ್ತದೆ. ಬರೆದದ್ದು ಫೈಲಿನಲ್ಲಿ ಕೂತಿದೆ, ಬಿಲ್ಲಿಗೆ ಬಂದಿಲ್ಲ. ನಾವು ಕೇಳುತ್ತಿರುವುದು ಇಷ್ಟೇ: ಆ ಹಾಳೆಯ ನಾಲ್ಕು ವಿಷಯ (ವೈದ್ಯರ ಹೆಸರು, ಅರಿವಳಿಕೆಯ ಬಗೆ, ಶುರು, ಕೊನೆ) ಬಿಲ್ಲಿಗೆ ಇಳಿಯಲಿ. ಕೆಪಿಎಂಇ ಕಾಯ್ದೆ 2007ರಿಂದ ಇದೆ, ಖಾಸಗಿ ಆಸ್ಪತ್ರೆ ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ಅರಿವಳಿಕೆಯ ದರವೂ ಇರಲಿ, ಅದು ಯಾವುದರ ಮೇಲೆ ಲೆಕ್ಕ ಎನ್ನುವುದೂ ಇರಲಿ.

ಸರ್ಕಾರ ಮಾಡುವ ತನಕ ಕಾಯಬೇಕಿಲ್ಲ. ಬಿಪಿಎಲ್ ಕಾರ್ಡಿನ ಮೇಲೆ ಯೋಜನೆಯ ಆಸ್ಪತ್ರೆಗೆ ಹೋದವರ ಹತ್ತಿರ ಬೇರೆ ದುಡ್ಡು ಕೇಳಿದರೆ ಮೊದಲು ಅಲ್ಲೇ ಕೌಂಟರಿನಲ್ಲಿರುವ ಆರೋಗ್ಯಮಿತ್ರರಿಗೆ ಹೇಳಿ, ಎದುರಿಗೇ 14555ಕ್ಕೆ ಫೋನ್ ಮಾಡಿ. ಕೊಡಲೇಬೇಕಾಗಿ ಬಂದರೆ ಕ್ಯಾಶ್ ಕೊಡಬೇಡಿ, ಫೋನ್‌ಪೇ ಮಾಡಿ. ರಶೀದಿ ಇಲ್ಲದಿದ್ದರೂ ಯಾರ ಖಾತೆಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದು ನಿಮ್ಮ ಫೋನಿನಲ್ಲಿ ಉಳಿಯುತ್ತದೆ. ಮನೆಗೆ ಬಂದ ಮೇಲೆ ಅರಿವಳಿಕೆಯ ಚಾರ್ಟಿನ ನಕಲು ಬೇಕು ಎಂದು ಒಂದು ಅರ್ಜಿ ಕೊಡಿ. ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎನ್ನುವುದು ವೈದ್ಯಕೀಯ ಪರಿಷತ್ತಿನ 2002ರ ನಿಯಮ.

ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ, ತೋಟಕ್ಕೆ ಇನ್ನೂ ಹೋಗುತ್ತಿಲ್ಲ. "ಹೋಗ್ಲಿ ಬಿಡಿ, ಜೀವ ಉಳೀತಲ್ಲ" ಎನ್ನುತ್ತಿದ್ದರು. ಒಂದು ಗಂಟೆ ಕೂತು ಮಾತಾಡಿದ ಮೇಲೆ ಅರ್ಜಿಗೆ ಸಹಿ ಹಾಕಿದರು. ಬುಧವಾರ ಸಂಜೆ ನಾವಿಬ್ಬರು ಚಾರ್ಮಾಡಿ ಘಾಟಿ ಇಳಿದು ಆ ಅರ್ಜಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ಆ 72 ಗಂಟೆ ಶನಿವಾರ ಸಂಜೆಗೆ ಮುಗಿಯುತ್ತದೆ.