ಗಣಕಯಂತ್ರದ ಗಳಿಗೆ ಬಟ್ಟಲು

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಶಾಲೆಯ ಗತವೈಭವವನ್ನು ಸ್ಮರಿಸುವವರು ಅನೇಕರಿದ್ದಾರೆ. ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಮುಂದಿನ ಮಕ್ಕಳ ಕಲಿಕೆಯ ಕುರಿತು ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬಯಸುತ್ತೇನೆ. ಗಣಕಯಂತ್ರದ ಒಳಮರ್ಮ ಇಂಗ್ಲಿಷಿನಲ್ಲಿ ಮಾತ್ರ ತಿಳಿಯತಕ್ಕದ್ದು, ಕನ್ನಡ ಮಾಧ್ಯಮದ ಮಕ್ಕಳಿಗೆ ಕೀಲಿ ಒತ್ತುವುದು ಬಂದರೆ ಸಾಕು ಎಂಬ ಭಾವನೆ ನಮ್ಮ ಪಾಲಕರಲ್ಲಿಯೂ ಬೇರೂರಿದೆ. ಅದು ಸರಿಯಲ್ಲವೆಂದು ತೋರಿಸಲು ಒಂದೇ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಗಣಕಯಂತ್ರವು ಕಾಲವನ್ನು ಅಳೆಯುವುದು ಹೇಗೆ?

ಗಣಕಯಂತ್ರದ ಮಿದುಳಿನಂತಿರುವ ಪ್ರೊಸೆಸರ್ ಒಂದು ಮಿಡಿತಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. 1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರಿನಲ್ಲಿ ಈ ಮಿಡಿತಗಳನ್ನು ಎಣಿಸುವ ಏರ್ಪಾಡನ್ನೇ ಇರಿಸಿದ್ದರು. ವೇಗ ಒಂದೇ ಆಗಿದ್ದಷ್ಟು ಕಾಲ ಆ ಎಣಿಕೆಯಿಂದ ಸಮಯ ತಿಳಿಯುವುದು ಸುಲಭವಾಗಿತ್ತು. ಬ್ಯಾಟರಿ ಉಳಿಸಲು, ಕಾವು ತಗ್ಗಿಸಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುವ ಪ್ರೊಸೆಸರುಗಳು ಬಂದ ಮೇಲೆ ತೊಡಕು ಹುಟ್ಟಿತು. ಸೆಕೆಂಡಿಗೆ 240 ಕೋಟಿ ಮಿಡಿತವೆಂದು ಲೆಕ್ಕ ಹಿಡಿದ ಯಂತ್ರವು 80 ಕೋಟಿಗೆ ಇಳಿದರೆ, ಅದರ ಒಂದು ಸೆಕೆಂಡು ನಮ್ಮ ಮೂರು ಸೆಕೆಂಡಾಗುತ್ತದೆ. ಹತ್ತು ನಿಮಿಷಕ್ಕೆ ಹೊಡೆಯಬೇಕಾದ ಗಂಟೆ ಅರ್ಧ ತಾಸಿಗೆ ಹೊಡೆಯುತ್ತದೆ.

ತಾಂಡೂರಿನಲ್ಲಿ ರೈಲು ಹತ್ತಿ ವಾಡಿಗೆ ಹೊರಟವನೊಬ್ಬನು ಗಾಲಿಯ ಸುತ್ತುಗಳನ್ನು ಎಣಿಸಿ ಹೊತ್ತು ಹೇಳುತ್ತೇನೆಂದರೆ ಏನಾದೀತು? ಸೇಡಂ ದಾಟಿ ಗಾಡಿ ನಿಧಾನವಾದರೆ ಅವನ ಹೊತ್ತೂ ನಿಧಾನ. ಚಿತ್ತಾಪುರದಲ್ಲಿ ಗಾಡಿ ನಿಂತರೆ ಅವನ ಹೊತ್ತೇ ನಿಂತಿತು! ಯಂತ್ರದ ವೇಗ ಹೆಚ್ಚಿದರೂ ಕೇಡು ತಪ್ಪದು. ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು, ಯಂತ್ರದ ವೇಗವನ್ನೇ ಕಾಲದ ಅಳತೆಗೋಲಾಗಿ ಹಿಡಿದಿದ್ದರಿಂದ, 1990ರ ದಶಕದ ಕೊನೆಯಲ್ಲಿ ಬಂದ ವೇಗದ ಯಂತ್ರಗಳಲ್ಲಿ ಆರಂಭದಲ್ಲಿಯೇ ನಿಂತುಹೋದವು.

ಇದಕ್ಕೆ ಪರಿಹಾರದ ತತ್ತ್ವವನ್ನು ನಮ್ಮ ಹಿರಿಯರು ಬಲ್ಲರು. ಮುಹೂರ್ತ ನೋಡಲು ಅವರು ನೀರಿನ ಮೇಲೆ ತೂತುಳ್ಳ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಿದ್ದರು. ಪುರೋಹಿತರು ಮಂತ್ರವನ್ನು ಬೇಗ ಹೇಳಲಿ, ಸಾವಕಾಶವಾಗಿ ಹೇಳಲಿ, ಬಟ್ಟಲು ಮುಳುಗಲು 24 ನಿಮಿಷ. ಕೆಲಸ ಮಾಡುವವರೇ ಬೇರೆ, ಕಾಲ ಅಳೆಯುವುದೇ ಬೇರೆ. ಗಣಕಯಂತ್ರದಲ್ಲಿ ಆ ಬಟ್ಟಲಿನ ಸ್ಥಾನದಲ್ಲಿರುವುದು ಸ್ಫಟಿಕದ ಹರಳು. ಕೈಗಡಿಯಾರದಲ್ಲಿರುವಂಥದೇ, ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು, ಯಂತ್ರವನ್ನು ಆರಿಸಿದಾಗಲೂ ದಿನಾಂಕ ಮತ್ತು ವೇಳೆಯನ್ನು ಕಾಯುತ್ತದೆ. ಇದಲ್ಲದೆ ಪ್ರೊಸೆಸರಿನ ವೇಗಕ್ಕೆ ಜಗ್ಗದ ಬೇರೆ ಟೈಮರುಗಳೂ ಇವೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯು ಪ್ರೊಸೆಸರಿನ ಎಣಿಕೆಯನ್ನು ಇಂತಹ ಟೈಮರಿನೊಡನೆ ಆಗಾಗ ತಾಳೆ ನೋಡುತ್ತದೆ. ಎರಡಕ್ಕೂ ಹೊಂದದಿದ್ದರೆ ಪ್ರೊಸೆಸರಿನ ಎಣಿಕೆಯನ್ನು ನಂಬಲರ್ಹವಲ್ಲವೆಂದು ಬದಿಗಿಡುತ್ತದೆ. ಮುಂದೆ ಆ ಎಣಿಕೆಯನ್ನೇ ವೇಗದ ಏರಿಳಿತದಿಂದ ಬಿಡಿಸಿ ಒಂದೇ ಗತಿಯಲ್ಲಿ ನಡೆಸಿದರು. 2008ರ ಇಂಟೆಲ್ ನೆಹಲೆಮ್ ಪ್ರೊಸೆಸರುಗಳಲ್ಲಿ ಅದು ಪ್ರೊಸೆಸರ್ ವಿಶ್ರಾಂತಿಯಲ್ಲಿದ್ದಾಗಲೂ ನಿಲ್ಲದಂತಾಯಿತು.

ಇಷ್ಟನ್ನು ತಿಳಿಸಲು ಕನ್ನಡ ಎಲ್ಲಿಯೂ ಸೋಲಲಿಲ್ಲವಷ್ಟೆ? ಪ್ರೊಸೆಸರ್, ಟೈಮರ್ ಎಂಬ ಪದಗಳು ಕನ್ನಡದವಲ್ಲವೆಂದು ಆಕ್ಷೇಪಿಸುವವರಿಗೆ ರೈಲು, ಸ್ಟೇಷನ್, ಟಿಕೆಟ್ಟುಗಳನ್ನು ನೆನಪಿಸುತ್ತೇನೆ. ಪದ ಎರವಲು ಬಂದರೆ ಅಡ್ಡಿಯಿಲ್ಲ. ತಿಳಿವಳಿಕೆ ಮಾತ್ರ ಎರವಲಾಗಬಾರದು. ಮಕ್ಕಳು ಇಂಗ್ಲಿಷನ್ನೂ ತೆಲುಗನ್ನೂ ಅವಶ್ಯ ಕಲಿಯಲಿ. ಆದರೆ ‘ಏಕೆ’ ಎಂಬ ಪ್ರಶ್ನೆ ಮೊದಲು ಹುಟ್ಟುವುದು ಮನೆಮಾತಿನಲ್ಲಿ. ಅದನ್ನು ಅಲ್ಲಿಯೇ ಅದುಮಿದರೆ ಮುಂದೆ ಯಾವ ಭಾಷೆಯಲ್ಲಿಯೂ ಅದು ಏಳದು.

1956ರಲ್ಲಿ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯನ್ನು ಬಿಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. ಇಷ್ಟಾದರೂ ಇಲ್ಲಿ ಕನ್ನಡ ಶಾಲೆ ಉಳಿದು ಬಂದಿರುವಾಗ, ಅದು ಕೇವಲ ಅಕ್ಷರ ಕಲಿಸುವ ಶಾಲೆಯಾಗಿ ಉಳಿಯಬಾರದು.

ಆದ್ದರಿಂದ ಹೈದರಾಬಾದು, ಬೆಂಗಳೂರುಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಂದು ದಿನ ಶಾಲೆಗೆ ಬನ್ನಿರಿ. ಒಂದು ಹಳೆಯ ಯಂತ್ರವನ್ನು ಮಕ್ಕಳೆದುರು ಬಿಚ್ಚಿ ಆ ಹರಳನ್ನು ತೋರಿಸಿರಿ. ಬಕೆಟ್ಟಿನ ನೀರಿನಲ್ಲಿ ತೂತಿನ ಬಟ್ಟಲನ್ನು ತೇಲಿಬಿಟ್ಟು, ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ಮಗ್ಗಿ ಹೇಳಿಸಿರಿ. ಮಗ್ಗಿಯ ಎಣಿಕೆ ಬದಲಾದರೂ ಬಟ್ಟಲಿನ ಹೊತ್ತು ಬದಲಾಗದೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ. ದೇಣಿಗೆಯ ಹಣದಿಂದ ಶಾಲೆಗೆ ಯಂತ್ರಗಳು ಬರುತ್ತವೆ. ಅವುಗಳ ಮರ್ಮ ನಿಮ್ಮ ಬಾಯಿಂದ, ಕನ್ನಡದಲ್ಲಿಯೇ ಬರಬೇಕು.