ಗೋಡೆಯ ಬಿರುಕು ಮತ್ತು ಮಕ್ಕಳ ಜ್ವರ

ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳ ಜನರಿಗೆ ಗೋಡೆಯ ವಿಷಯವನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ೧೯೯೩ನೆಯ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಕಲ್ಲು-ಮಣ್ಣಿನ ದಪ್ಪ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದವು. ಏಳು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದಿನಿಂದ ನಮ್ಮ ಭಾಗದಲ್ಲಿ ಗೋಡೆ ಎಂದರೆ ಅದು ನಿಲ್ಲುವುದೋ ಬೀಳುವುದೋ ಎಂಬುದೊಂದೇ ಪ್ರಶ್ನೆ. ಆದರೆ ಬೀಳದೆ ನಿಂತ ಗೋಡೆಯೂ ಕೇಡು ಮಾಡಬಲ್ಲದು. ಅದರ ಬಿರುಕಿನಲ್ಲಿ ಅಡಗುವ ನೊಣ, ಅದರ ಬುಡದಲ್ಲಿ ಬಿಲ ತೋಡುವ ಇಲಿ ರೋಗಕ್ಕೆ ದಾರಿ ಮಾಡಿಕೊಡಬಹುದೆಂದು ನೂರು ವರ್ಷಗಳ ಸಂಶೋಧನೆ ತೋರಿಸಿಕೊಟ್ಟಿದೆ. ಈ ತಿಳಿವಳಿಕೆ ಪ್ರಯೋಗಶಾಲೆಯಲ್ಲಿಯೇ ಉಳಿಯಬಾರದು. ಅದು ನಮ್ಮ ಮನೆಗಳಿಗೆ ಬರಬೇಕು. ತರುವವರು ಶಾಲೆಯ ಮಕ್ಕಳಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಪುಸ್ತಕಗಳಲ್ಲಿ ಮರಳುನೊಣ ಎಂದು ಕರೆಯುವ ಈ ಕೀಟವನ್ನು ನಮ್ಮಲ್ಲಿ ಎಷ್ಟು ಜನ ಗುರುತಿಸಬಲ್ಲರು? ಅದರ ಉದ್ದ ಎರಡು ಮೂರು ಮಿಲಿಮೀಟರು ಮಾತ್ರ. ಸೊಳ್ಳೆಗಿಂತ ಬಹಳ ಸಣ್ಣದು. ಮೈತುಂಬ ಕೂದಲು. ಕುಳಿತಾಗ ರೆಕ್ಕೆಗಳನ್ನು ಮಡಚದೆ ಮೇಲಕ್ಕೆತ್ತಿ ಹಿಡಿದಿರುತ್ತದೆ. ಸೊಳ್ಳೆಯಂತೆ ಗುಂಯ್‌ಗುಡುವುದಿಲ್ಲ. ದೂರ ಹಾರಲಾರದೆ ನೆಲಕ್ಕೆ ಹತ್ತಿರವಾಗಿ ಕುಪ್ಪಳಿಸುತ್ತಾ ಸಾಗುತ್ತದೆ. ಹಗಲೆಲ್ಲ ಕತ್ತಲೆಯ ಬಿರುಕುಗಳಲ್ಲಿ ಅಡಗಿದ್ದು, ಸಂಜೆಯಿಂದ ನಸುಕಿನವರೆಗೆ ಹೊರಬೀಳುತ್ತದೆ. ಹೆಣ್ಣು ನೊಣ ಮಾತ್ರ ರಕ್ತ ಹೀರುತ್ತದೆ. ಸೊಳ್ಳೆಯಂತೆ ನೀರಿನಲ್ಲಿ ಅಲ್ಲ, ಸೆಗಣಿ ಕಸಕಡ್ಡಿ ಬೆರೆತ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ನಿಂತ ನೀರನ್ನು ಚೆಲ್ಲಿದ ಮಾತ್ರಕ್ಕೆ ಇದು ಹೋಗುವುದಿಲ್ಲ. ದನದ ಕೊಟ್ಟಿಗೆ, ತಿಪ್ಪೆ, ಹಸಿ ಮಣ್ಣಿನ ಗೋಡೆ ಇವೇ ಇದರ ತವರುಮನೆ.

ಈ ನೊಣ ಹರಡುವ ರೋಗಗಳಲ್ಲಿ ಹೆಚ್ಚು ಹೆಸರಾದದ್ದು ಲೀಷ್ಮನಿಯಾಸಿಸ್. ಅದರ ಘೋರ ರೂಪವೇ ಬಂಗಾಲ, ಬಿಹಾರಗಳನ್ನು ಕಾಡಿದ ಕಾಲಾ-ಅಜಾರ್. ದಿನಗಟ್ಟಲೆ ಬಿಡದ ಜ್ವರ, ಊದಿಕೊಳ್ಳುವ ಗುಲ್ಮ, ಸೊರಗುವ ದೇಹ ಇದರ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಸಾವು ಬಹುಮಟ್ಟಿಗೆ ಖಂಡಿತ. ೧೯೦೩ರಲ್ಲಿ ಲೀಷ್ಮನ್ ಎಂಬ ಸೈನ್ಯದ ವೈದ್ಯನೂ ಮದರಾಸಿನಲ್ಲಿದ್ದ ಡೊನೊವನ್ ಎಂಬ ವೈದ್ಯನೂ ಇದರ ಸೂಕ್ಷ್ಮಜೀವಿಯನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಆ ಜೀವಿಗೆ ಇಬ್ಬರ ಹೆಸರೂ ಸೇರಿತು. ಕಲಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು ೧೯೨೦ರ ಸುಮಾರಿಗೆ ಯೂರಿಯಾ ಸ್ಟಿಬಮಿನ್ ಎಂಬ ಔಷಧವನ್ನು ತಯಾರಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಆದರೆ ರೋಗವನ್ನು ಹರಡುವವರು ಯಾರು? ಮರಳುನೊಣದ ಮೇಲೆ ಸಂಶಯವಿತ್ತು, ಸಾಕ್ಷ್ಯವಿರಲಿಲ್ಲ. ರೋಗಿಯ ರಕ್ತ ಹೀರಿದ ನೊಣ ಮತ್ತೊಬ್ಬನನ್ನು ಕಚ್ಚಿ ರೋಗ ಹಚ್ಚುವಷ್ಟು ದಿನ ಬದುಕುತ್ತಲೇ ಇರಲಿಲ್ಲ. ಕೊನೆಗೆ ೧೯೪೦ರಲ್ಲಿ ಬಿಹಾರದಲ್ಲಿ ದುಡಿಯುತ್ತಿದ್ದ ಸಂಶೋಧಕರು ನೊಣಗಳಿಗೆ ಒಣದ್ರಾಕ್ಷಿಯ ರಸ ಉಣಿಸಿ ನೋಡಿದರು. ನೊಣಗಳು ಬದುಕಿದವು; ಅವುಗಳ ಗಂಟಲಿನಲ್ಲಿ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆದವು. ೧೯೪೨ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ಅಂಥ ನೊಣಗಳಿಂದ ಐವರು ಸ್ವಯಂಸೇವಕರನ್ನು ಕಚ್ಚಿಸಿದಾಗ ಐವರಿಗೂ ರೋಗ ತಗುಲಿತು. ಸಂಶಯ ನಿಜವಾಯಿತು. ಒಂದು ಒಣದ್ರಾಕ್ಷಿಯ ಹಿಂದೆ ಎಷ್ಟು ವರ್ಷಗಳ ತಾಳ್ಮೆಯಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಭಾರತದ ಕಾಲಾ-ಅಜಾರ್ ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ ಸಾಗುತ್ತದೆ. ಆದರೆ ಮಧ್ಯ ಏಷ್ಯದ ಮರುಭೂಮಿಗಳಲ್ಲಿ ಚರ್ಮದ ಮೇಲೆ ಹುಣ್ಣು ಮಾಡುವ ಲೀಷ್ಮನಿಯಾಸಿಸ್‌ಗೆ ಮರುಭೂಮಿಯ ಇಲಿಗಳೇ ಆಸರೆ. ಇಲಿಯ ಬಿಲದಲ್ಲಿಯೇ ಮರಳುನೊಣವೂ ವಾಸಿಸುತ್ತದೆ. ಇಲಿಯ ರಕ್ತ ಹೀರಿದ ನೊಣ ಹತ್ತಿರ ಬಂದ ಮನುಷ್ಯನನ್ನೂ ಕಚ್ಚುತ್ತದೆ. ಅಲ್ಲಿಯ ಸಂಶೋಧಕರು ಊರ ಸುತ್ತಲಿನ ಬಿಲಗಳನ್ನು ಉತ್ತು ನಾಶಮಾಡಿ ರೋಗವನ್ನು ತಗ್ಗಿಸಿದರು. ಮನೆ, ಬಿಲ, ನೊಣ, ಮನುಷ್ಯ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು ಎಂಬುದು ಇದರಿಂದ ತಿಳಿಯುತ್ತದೆ.

ಬಿಹಾರದ ರೋಗ, ಏಷ್ಯದ ಮರುಭೂಮಿ, ಇದೆಲ್ಲ ನಮಗೇಕೆ ಎಂದು ಪಾಲಕರು ಕೇಳಬಹುದು. ಕಾಲಾ-ಅಜಾರ್ ನಮ್ಮ ಸೀಮೆಯ ರೋಗವಲ್ಲ, ನಿಜ. ಆದರೆ ಮರಳುನೊಣ ನಮ್ಮ ರಾಜ್ಯದಲ್ಲಿ ಬೇರೊಂದು ರೋಗವನ್ನು ಹೊತ್ತಿದೆ. ೧೯೬೫ರಲ್ಲಿ ನಾಗಪುರದಲ್ಲಿ ಜ್ವರದ ಹಾವಳಿ ಎದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇಬ್ಬರು ರೋಗಿಗಳ ರಕ್ತದಲ್ಲಿ ಹೊಸದೊಂದು ವೈರಸ್ಸನ್ನು ಕಂಡರು. ಅಲ್ಲಿಯ ಸ್ಥಳದ ಹೆಸರಿನಿಂದ ಅದಕ್ಕೆ ಚಾಂದೀಪುರ ವೈರಸ್ ಎಂದು ಹೆಸರಾಯಿತು. ನಮ್ಮದೇ ಮರಾಠವಾಡದ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಹಿಡಿದ ಮರಳುನೊಣಗಳಲ್ಲಿಯೂ ಅದೇ ವೈರಸ್ ಇದೆಯೆಂದು ೧೯೭೦ರಲ್ಲಿ ಪ್ರಕಟವಾಯಿತು.

ಆಗ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ೨೦೦೩ರ ಬೇಸಿಗೆ ಮುಗಿದು ಮಳೆಗಾಲ ಹಿಡಿಯುವ ಹೊತ್ತಿಗೆ, ಅಂದಿನ ಆಂಧ್ರಪ್ರದೇಶದಲ್ಲಿ ೩೨೯ ಮಕ್ಕಳು ಮೆದುಳಿನ ಜ್ವರಕ್ಕೆ ತುತ್ತಾದರು. ಅವರಲ್ಲಿ ೧೮೩ ಮಕ್ಕಳು ತೀರಿಕೊಂಡರು. ಕಾರಣ ಇದೇ ವೈರಸ್ ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಮಹಾರಾಷ್ಟ್ರದಲ್ಲಿಯೂ ಅದು ಕಾಣಿಸಿಕೊಂಡಿತು. ೨೦೨೪ರ ಜೂನ್‌ನಿಂದ ಆಗಸ್ಟ್ ನಡುವಿನವರೆಗೆ, ಬಹುಪಾಲು ಗುಜರಾತಿನಲ್ಲಿ, ಮೆದುಳಿನ ಜ್ವರದ ೨೪೫ ಪ್ರಕರಣಗಳು ವರದಿಯಾಗಿ ೮೨ ಜನ ಸತ್ತರು; ೬೪ ಪ್ರಕರಣಗಳಲ್ಲಿ ಚಾಂದೀಪುರ ವೈರಸ್ ಇರುವುದು ದೃಢಪಟ್ಟಿತು.

ಈ ರೋಗಕ್ಕೆ ಹೆಚ್ಚಾಗಿ ಬಲಿಯಾಗುವವರು ಹದಿನೈದು ವರ್ಷದೊಳಗಿನ ಮಕ್ಕಳು, ಅಂದರೆ ನಮ್ಮ ಶಾಲೆಯ ಮಕ್ಕಳು ಮತ್ತು ಅವರ ತಮ್ಮ ತಂಗಿಯರು. ತಟ್ಟನೆ ಏರುವ ಜ್ವರ, ವಾಂತಿ, ಫಿಟ್ಸು, ಅನಂತರ ಎಚ್ಚರ ತಪ್ಪುವುದು; ಇಷ್ಟೂ ಒಂದೆರಡು ದಿನಗಳೊಳಗೆ ಮುಗಿದುಹೋಗಬಹುದು. ಇದಕ್ಕೆಂದೇ ಮಾಡಿದ ಔಷಧವಾಗಲಿ ಲಸಿಕೆಯಾಗಲಿ ಇಲ್ಲ. ವೇಳೆಗೆ ಸರಿಯಾಗಿ ದೊರೆತ ಶುಶ್ರೂಷೆಯೊಂದೇ ಮಗುವಿನ ಆಸರೆ. "ನಾಳೆ ನೋಡೋಣ, ದೃಷ್ಟಿಯಾಗಿರಬೇಕು" ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ದೃಷ್ಟಿ ತೆಗೆಯುವುದು ತಾಯಿಯ ಮಮತೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಜ್ವರದ ಜೊತೆ ಫಿಟ್ಸು ಬಂದ ಮಗುವಿಗೆ 'ನಾಳೆ' ಎಂಬುದಿಲ್ಲ. ಆ ಗಳಿಗೆಯಲ್ಲಿಯೇ ೧೦೮ಕ್ಕೆ ಫೋನು ಮಾಡಿ ದೊಡ್ಡ ದವಾಖಾನೆಗೆ ಒಯ್ಯಬೇಕು.

ಇಲಿಯ ಮಾತನ್ನೂ ಮರೆಯಬಾರದು. ಭೂಕಂಪವಾಗಿ ಒಂದು ವರ್ಷ ತುಂಬುವ ಮೊದಲೇ, ೧೯೯೪ರಲ್ಲಿ, ಬೀಡ ಜಿಲ್ಲೆಯ ಮಾಮಲಾ ಗ್ರಾಮದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಭೂಕಂಪದ ಭಯದಿಂದ ಜನ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಬಿಟ್ಟುಬಂದ ಮನೆಗಳಲ್ಲಿ ಕಾಳುಕಡಿ ಉಳಿದು ಇಲಿಗಳು ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ, ಮರಳುನೊಣವಲ್ಲ. ರೋಗ ಬೇರೆ, ಕೀಟ ಬೇರೆ. ಆದರೂ ಪಾಠ ಒಂದೇ. ನಾವು ಕಡೆಗಣಿಸಿದ ಮೂಲೆಯನ್ನು ಬೇರೊಂದು ಜೀವಿ ತನ್ನ ಮನೆ ಮಾಡಿಕೊಳ್ಳುತ್ತದೆ.

ಹಾಗಾದರೆ ಏನು ಮಾಡಬೇಕು? ಗೋಡೆಯ ಬಿರುಕುಗಳನ್ನು ಮಣ್ಣು ಸುಣ್ಣಗಳಿಂದ ಮುಚ್ಚಬೇಕು. ಇಲಿಯ ಬಿಲಗಳನ್ನು ಕಲ್ಲು ಗಾರೆ ತುಂಬಿ ಮುಚ್ಚಬೇಕು. ಕಾಳನ್ನು ಮುಚ್ಚಳವಿರುವ ಡಬ್ಬಿ ಪೀಪಾಯಿಗಳಲ್ಲಿಡಬೇಕು. ತಿಪ್ಪೆಯೂ ಕೊಟ್ಟಿಗೆಯೂ ಮಲಗುವ ಮನೆಯಿಂದ ದೂರವಿರಲಿ. ಮಕ್ಕಳನ್ನು ನೆಲದ ಮೇಲೆ ಮಲಗಿಸುವ ಬದಲು ಹೊರಸಿನ ಮೇಲೆ, ಸಣ್ಣ ಕಣ್ಣಿನ ಪರದೆಯೊಳಗೆ ಮಲಗಿಸಬೇಕು. ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿ ಈ ನೊಣ ನುಸುಳಬಲ್ಲದು. ಔಷಧ ಸಿಂಪಡಿಸುವವರು ಬಂದಾಗ ಅಡಿಗೆಮನೆ, ದೇವರಮನೆ ಎಂದು ಬಾಗಿಲು ಹಾಕುವುದುಂಟು. ಹಾಗಾದರೆ ನೊಣ ಅಲ್ಲಿಯೇ ಉಳಿಯುತ್ತದೆ. ಸಿಂಪಡಿಸಿದ ಮೇಲೆ ಮೂರು ತಿಂಗಳು ಗೋಡೆಯನ್ನು ಸಾರಿಸಲೂಬಾರದು. ಸಾರಿಸಿದರೆ ಔಷಧ ಮಣ್ಣಿನಡಿಯಲ್ಲಿ ಹೂತುಹೋಗುತ್ತದೆ. ಗಿಲಾಯ ಮೊದಲು, ಸಿಂಪರಣೆ ಆಮೇಲೆ, ಇದು ನೆನಪಿರಲಿ.

ಇಷ್ಟು ಹೇಳಿ ಬಡವರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಕೂಲಿಯಿಂದ ಹೊಟ್ಟೆ ಹೊರೆಯುವವನ ಗೋಡೆಯಲ್ಲಿ ಬಿರುಕಿದ್ದರೆ ಅದು ಅವನ ಅಪರಾಧವಲ್ಲ. ಭೂಕಂಪದ ನಂತರ ಸರಕಾರವೂ ಜನರೂ ಕೂಡಿ ಊರೂರುಗಳನ್ನೇ ಹೊಸದಾಗಿ ಕಟ್ಟಲಿಲ್ಲವೇ? ಹಾಗಿರುವಾಗ ಮಳೆಗಾಲಕ್ಕೆ ಮೊದಲು ಬಡವರ ಗೋಡೆಗಳಿಗೆ ಗಿಲಾಯ ಮಾಡಿಸುವುದು ಗ್ರಾಮಪಂಚಾಯತಿಗೆ ಹೊರಲಾರದ ಹೊರೆಯೇ? ಕೇಳುವವರು ಬೇಕು ಅಷ್ಟೆ.

ಇಲ್ಲಿ ನಮ್ಮ ಗಡಿಭಾಗದ ಕನ್ನಡ ಶಾಲೆಗೆ ವಿಶೇಷವಾದ ಕರ್ತವ್ಯವೊಂದಿದೆ. ದವಾಖಾನೆಯ ಸೂಚನೆಗಳು ಮರಾಠಿಯಲ್ಲಿರುತ್ತವೆ. ಅದು ಸಹಜ, ಮರಾಠಿ ನಮ್ಮ ರಾಜ್ಯದ ಭಾಷೆ. ಆದರೆ ಎಷ್ಟೋ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ತಿಳಿಯುವುದು ಕನ್ನಡ ಮಾತ್ರ. ಎರಡೂ ಭಾಷೆಗಳನ್ನು ಓದಬಲ್ಲ ನಮ್ಮ ವಿದ್ಯಾರ್ಥಿಗಳೇ ನಡುವಣ ಸೇತುವೆ. ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಮತ್ತು ನೆರೆಯ ಒಂದು ಮನೆಯ ಬಿರುಕು ಬಿಲಗಳನ್ನು ಎಣಿಸಿ ಬರೆದು ತರಲಿ. ವಿಜ್ಞಾನದ ಶಿಕ್ಷಕರು ಆ ಪಟ್ಟಿಗಳನ್ನು ಕೂಡಿಸಿ ಪಂಚಾಯತಿಗೂ ಆರೋಗ್ಯ ಕೇಂದ್ರಕ್ಕೂ ಕೊಡಲಿ. ಸಂಶೋಧನೆ ಎಂದರೆ ಇದೂ ಹೌದು. ನಾಗಪುರದ ಇಬ್ಬರು ರೋಗಿಗಳ ರಕ್ತದಿಂದ, ಔರಂಗಾಬಾದಿನ ಹಿಡಿ ನೊಣಗಳಿಂದ ಒಂದು ದೊಡ್ಡ ತಿಳಿವಳಿಕೆ ಹುಟ್ಟಿತು. ನಮ್ಮ ಮಕ್ಕಳ ನೋಟುಬುಕ್ಕಿನ ಎಣಿಕೆಯಿಂದ ಊರಿನ ಒಂದು ಮಗು ಉಳಿದರೂ ಆ ವರ್ಷದ ವಿದ್ಯೆ ಸಾರ್ಥಕ.